ಬಂದ್ ಮೇಡಂ ಆದ ಮಳೆಗಾಲ

ಮೊನ್ನೆ ಹಾವೇರಿಯಿಂದ ರಾಣೆಬೆನ್ನೂರಿಗೆ ಹೊರಟಾಗ ಬ್ಯಾಡಗಿಯ ಮೇಲೆ ಹಾಯ್ದು ಹೋಗುವ ಬಸ್ಸು ಸಿಕ್ಕಿತು. ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಊರು ಹತ್ತಿರವಾಗುತ್ತಿದ್ದಂತೆ ಯಾವ ಸಂದಿಯಿಂದಲೋ ಆ ವಾಸನೆ ಒಳಗೆ ಬಂತು. ಸುಗ್ಗಿಯ ದಿನಗಳ ಒಣ ಘಾಟಲ್ಲ ಅದು. ಮಳೆಗಾಲದಲ್ಲಿ ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆದಾಗ ತಂಪಿನ ಜೊತೆ ಬೆರೆತು ಹೊರಗೆ ಬರುವ, ಕೊಂಚ ಸಿಹಿ ಎನಿಸುವ ಮೆಣಸಿನಕಾಯಿಯ ವಾಸನೆ. ಮುಂದಿನ ಸೀಟಿನ ಹುಡುಗಿ ಸೀನಿ ಓಢಣಿಯನ್ನು ಮೂಗಿಗೆ ಹಿಡಿದಳು. ನನಗೆ ಸೀನು ಬರಲಿಲ್ಲ. ಕಿವಿ ಬಿಸಿಯಾದವು. ನಾಚಿಕೆಯಾದರೆ ನನಗೆ ಮೊದಲು ಕಿವಿಯೇ ಬಿಸಿಯಾಗುವುದು.

ಅಲ್ಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆದರೆ ನೆನಪಿನಲ್ಲಿ ಕೂತಿರುವುದು ಸೇರಿದ ಮೊದಲ ಮಳೆಗಾಲ ಮಾತ್ರ.

ಸೇರಿದಾಗ ನನಗೆ ಮೂವತ್ತಾರು ದಾಟಿತ್ತು. ಅಲ್ಲಿಯವರೆಗೆ ರಾಣೆಬೆನ್ನೂರಿನ ಮನೆ, ಮಗಳು, ಬೀಜದ ಕಂಪನಿಯ ಕೆಲಸಕ್ಕೆಂದು ಹೊಲಹೊಲ ಸುತ್ತುವ ಗಂಡ, ಇಷ್ಟೇ ನನ್ನ ಲೋಕ. ಹಾವೇರಿಯಲ್ಲಿ ಬಿಸಿಎ ಓದಿದ್ದೆ, ಕಾಲೇಜಿಗೇ ಮೊದಲಿಗಳಾಗಿದ್ದೆ. ಆ ಮಾತನ್ನು ನಾನೂ ಮರೆತಿರಲಿಲ್ಲ, ಮನೆಗೆ ಬಂದ ನೆಂಟರನ್ನೂ ಮರೆಯಲು ಬಿಟ್ಟಿರಲಿಲ್ಲ. ಮಗಳು ಹೈಸ್ಕೂಲು ಸೇರಿದ ವರ್ಷ ಗಂಡ ಒಂದು ಸುದ್ದಿ ತಂದರು. ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಇನ್ನೊಬ್ಬರು ಬೇಕಾಗಿದ್ದಾರಂತೆ.

ಅಲ್ಲಿನ ಸಾವಕಾರರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ನಮ್ಮಲ್ಲಿ ವಿಂಡೋಸ್ ಇಲ್ರಿ. ಅದೇನೋ ಯುನಿಕ್ಸ್ ಜಾತೀದು ಐತಂತ. ಬರತೈತೇನ್ರಿ ನಿಮಗ?"

"ಬರತೈತ್ರಿ. ಕಾಲೇಜಿನ್ಯಾಗ ಅದರಾಗ ನಾನ ಫಸ್ಟ್ ಇದ್ದೆ" ಎಂದೆ.

ಫಸ್ಟ್ ಬಂದದ್ದು ಸುಳ್ಳಲ್ಲ. ಆದರೆ ಕಮಾಂಡುಗಳ ಹೆಸರನ್ನು ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬರೆದದ್ದು ಬಿಟ್ಟರೆ ಆ ಕಪ್ಪು ಪರದೆಯ ಮುಂದೆ ನಾನು ಕುಳಿತದ್ದೇ ಕಡಿಮೆ.

"ಹಂಗಾರ ಮುಗೀತು. ನಮ್ಮ ಮೇಡಂ ಅದಾರ, ಉಳಿದದ್ದು ಅವರು ತೋರಸ್ತಾರ" ಎಂದು ಸಾವಕಾರರು ಒಳಗೆ ಕೂಗಿದರು. ಬಂದವಳು ರೇಣುಕಾ.

ರೇಣುಕಾ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಚಿಕ್ಕವಳು. ಹಾಸ್ಟೆಲಿನಲ್ಲಿ ಪಕ್ಕದ ಕೋಣೆ. ಪರೀಕ್ಷೆ ಬಂದರೆ ಪುಸ್ತಕ ಹಿಡಿದು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಮ್ಮೆ ಪಾಯಿಂಟರ್ ಎಂದರೇನೆಂದು ಮತ್ತೆ ಮತ್ತೆ ಕೇಳಿದಾಗ, "ಇಷ್ಟೂ ತಿಳಿಯಂಗಿಲ್ಲೇನ ನಿನಗ?" ಎಂದು ನಾನು ಜೋರಾಗಿ ನಕ್ಕಿದ್ದೆ. ಕೋಣೆಯಲ್ಲಿದ್ದ ಹುಡುಗಿಯರೂ ನಕ್ಕಿದ್ದರು. ಅವಳು ಪುಸ್ತಕ ಮಡಚಿಕೊಂಡು ಹೋಗಿದ್ದಳು, ಮಾರನೆಯ ದಿನ ಮತ್ತೆ ಬಂದಿದ್ದಳು.

"ಅಯ್ಯ, ಸುಮಕ್ಕಾರ! ನೀವೇನ್ರಿ?" ಎಂದು ರೇಣುಕಾ ನನ್ನ ಎರಡೂ ಕೈ ಹಿಡಿದುಕೊಂಡಳು. ಸಾವಕಾರರ ಕಡೆ ತಿರುಗಿ, "ಇವರು ಕಲಿಸಿದ್ದಕ್ಕ ನಾ ಪಾಸಾಗೇನ್ರಿ. ಭಾಳ ಶ್ಯಾಣ್ಯಾರು" ಎಂದಳು. ಆಗಲೇ ಕಿವಿ ಬಿಸಿಯಾದವು. ಇನ್ನು ಮೇಲೆ ಅವಳನ್ನು ಏನೆಂದು ಕರೆಯುವುದೋ ತಿಳಿಯಲಿಲ್ಲ. ನಾಲ್ಕು ಜನರ ಎದುರು ಮೇಡಂ ಎಂದೆ. ಇಬ್ಬರೇ ಇದ್ದಾಗ ಹೆಸರೇ ಹಿಡಿಯದೆ ಮಾತಾಡುವುದನ್ನು ರೂಢಿಸಿಕೊಂಡೆ.

ಕೆಲಸ ಕೇಳಲು ಸರಳ. ಸುಗ್ಗಿಯಲ್ಲಿ ರೈತರು ತಂದಿಟ್ಟ ಮೆಣಸಿನಕಾಯಿ ಚೀಲಗಳು ತಂಪಿನಲ್ಲಿರುತ್ತವೆ. ಮಳೆಗಾಲದಲ್ಲಿ ಧಾರಣೆ ನೋಡಿಕೊಂಡು ಅವರು ಬೇಕಾದಷ್ಟನ್ನು ಹೊರಗೆ ತೆಗೆಸಿ ಮಾರ್ಕೆಟ್ಟಿಗೆ ಒಯ್ಯುತ್ತಾರೆ. ಯಾರ ಚೀಲ ಯಾವ ಮಹಡಿಯ ಯಾವ ಸಾಲಿನಲ್ಲಿದೆ ಎಂಬುದೆಲ್ಲ ಸರ್ವರಿನಲ್ಲಿರುತ್ತದೆ. ಹಿಂದೊಮ್ಮೆ ಒಬ್ಬರ ಚೀಲ ಇನ್ನೊಬ್ಬರ ಗಾಡಿಗೆ ಹೋಗಿ ರಾಡಿಯಾದ ಮೇಲೆ, ಕಂಪ್ಯೂಟರಿನ ಗೇಟ್ ಪಾಸ್ ಇಲ್ಲದೆ ಒಂದು ಚೀಲವೂ ಹೊರಗೆ ಹೋಗಕೂಡದು ಎಂದು ಸಾವಕಾರರು ಕಟ್ಟಪ್ಪಣೆ ಮಾಡಿದ್ದರು. ಸೋಮವಾರ, ಗುರುವಾರ ಮಾರ್ಕೆಟ್ಟು. ಆ ದಿನ ಬೆಳಿಗ್ಗೆಯಿಂದಲೇ ಗೇಟಿನಲ್ಲಿ ಟಂಟಂ, ಟ್ರ್ಯಾಕ್ಟರುಗಳ ಸಾಲು. ವ್ಯಾಪಾರಿಗಳು ಬೆಲೆ ಬರೆದುಕೊಡುವ ಮಧ್ಯಾಹ್ನದ ಟೆಂಡರಿಗೆ ಮೊದಲು ಕಾಯಿ ದಲಾಲಿ ಅಂಗಡಿ ಮುಟ್ಟಬೇಕು.

ಅಂಥದೊಂದು ಗುರುವಾರ ರೇಣುಕಾ ಸಾವಕಾರರ ಹಾವೇರಿಯ ಆಫೀಸಿಗೆ ಹೋಗಿದ್ದಳು. ಸರ್ವರ್ ನನ್ನ ಕೈಯಲ್ಲಿತ್ತು. ನಾನು ದೊಡ್ಡಸ್ತಿಕೆಯಿಂದ ಮೆಮೊರಿ ಎಷ್ಟಿದೆ ಎಂದು ತೋರಿಸುವ ಕಮಾಂಡು ಕೊಟ್ಟೆ. ಫ್ರೀ ಎಂಬುದರ ಕೆಳಗಿದ್ದ ಅಂಕಿ ನೋಡಿ ಗಾಬರಿಯಾದೆ. ಇದ್ದ ಮೆಮೊರಿಯಲ್ಲಿ ಮುಷ್ಟಿಯಷ್ಟೂ ಖಾಲಿ ಉಳಿದಿರಲಿಲ್ಲ. ನಾನು ಓಡಿಹೋಗಿ ಸಾವಕಾರರಿಗೆ ಹೇಳಿದೆ.

"ಮಶೀನು ತುಂಬಿ ಹೋಗೇತ್ರಿ. ಯಾವಾಗ ನಿಲ್ಲತೈತೋ ಹೇಳಾಕ ಬರಂಗಿಲ್ಲ."

ಅವರ ಮುಖ ಬಿಳಿಚಿತು. "ಏನ ಮಾಡಬೇಕ್ರಿ ಈಗ?"

"ಬಂದ್ ಮಾಡಿ ಚಾಲೂ ಮಾಡಬೇಕ್ರಿ."

ಗೇಟು ನಿಂತಿತು. ಗಾಡಿಗಳು ಹಾರ್ನ್ ಹೊಡೆದವು, ಹಮಾಲರು ಚೀಲಗಳ ಮೇಲೆ ಕುಳಿತು ಬೀಡಿ ಹಚ್ಚಿದರು. ಮಶೀನು ಮತ್ತೆ ಎದ್ದಾಗ ಫ್ರೀ ಎಂಬಲ್ಲಿ ದೊಡ್ಡ ಅಂಕಿ ಇತ್ತು. ನಾನು ಹಿಗ್ಗಿದೆ. ಸಾವಕಾರರು ನನಗೆ ಚಹಾ ತರಿಸಿದರು. ಆದರೆ ಪಾಸುಗಳು ಮೊದಲಿಗಿಂತ ನಿಧಾನವಾಗಿ ಬರುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಫ್ರೀ ಮತ್ತೆ ಕರಗಿತ್ತು. ನಾನು ಮತ್ತೊಮ್ಮೆ ಗೇಟು ನಿಲ್ಲಿಸಿದೆ.

ಸಂಜೆ ರೇಣುಕಾ ಬಂದಳು. "ಹೊಸ ಮೇಡಂ ಇವತ್ತು ನಮ್ಮನ್ನ ಎರಡು ಸಲ ಉಳಿಸ್ಯಾರ ನೋಡ್ರಿ" ಎಂದು ಸಾವಕಾರರು ಎಲ್ಲರ ಎದುರು ಹೇಳಿದರು. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು. ಎಲ್ಲರೂ ಹೊರಗೆ ಹೋದ ಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತಳು.

"ಅಕ್ಕಾರ, ನೀವು ಫ್ರೀ ಅನ್ನೋದನ್ನ ನೋಡೀರಿ. ಮೊದಲ ಸಲ ನೋಡಿ ನಾನೂ ಹೆದರಿದ್ದೆ. ಕಡೀಕ ಅವೇಲಬಲ್ ಅಂತ ಐತಲ್ರಿ, ಅದನ್ನ ನೋಡಬೇಕು."

ನೋಡಿದೆ. ಅಲ್ಲಿ ಬೇಕಾದಷ್ಟಿತ್ತು. ಬೆಳಿಗ್ಗೆಯೂ ಇದ್ದಿರಬೇಕು.

"ಡಿಸ್ಕಿನಿಂದ ಒಮ್ಮೆ ಓದಿದ್ದನ್ನ ಇದು ಲಗೂನ ಒಗಿಯಂಗಿಲ್ರಿ. ಮತ್ತ ಬೇಕಾದೀತು ಅಂತ ಮೆಮೊರಿಯೊಳಗ ಇಟ್ಟಕೊಂಡಿರತೈತಿ. ಅದಕ್ಕ ಕ್ಯಾಶ್ ಅಂತಾರ. ಯಾವುದಾರ ಪ್ರೋಗ್ರಾಂ ಬಂದು ಜಾಗ ಕೇಳಿತು ಅಂದ್ರ ಇದನ್ನ ತಗದು ಜಾಗ ಬಿಟ್ಟ ಕೊಡತೈತಿ. ಸುಮ್ಮ ಖಾಲಿ ಇಟ್ಟ ಏನ ಮಾಡೂದೈತ್ರಿ? ಅದಕ್ಕ ಫ್ರೀ ಕಡಿಮಿ ಕಂಡ್ರ ರೋಗ ಅಲ್ಲ."

"ಮತ್ತ ಬಂದ್ ಮಾಡಿದ ಮ್ಯಾಲ ನಿಧಾನ ಯಾಕಾತು?"

"ಇಟ್ಟಕೊಂಡಿದ್ದೆಲ್ಲಾ ಹೋತಲ್ರಿ. ಎಲ್ಲಾ ಮೊದಲಿಂದ ಓದಬೇಕಾತು."

ಅಂದರೆ ಚೆನ್ನಾಗಿದ್ದ ಮಶೀನನ್ನು ನಾನು ಎರಡು ಸಲ ಕೆಡಿಸಿ, ಅದಕ್ಕೆ ಚಹಾ ಕುಡಿದಿದ್ದೆ.

ಇದು ನಮ್ಮಿಬ್ಬರಲ್ಲೇ ಉಳಿಯಬಹುದಿತ್ತು. ಆದರೆ ಮರುದಿನ ಸಾವಕಾರರು ಹೊಸ ಮೆಮೊರಿ ತರಿಸಲು ಹುಬ್ಬಳ್ಳಿಗೆ ಫೋನ್ ಹಚ್ಚಿದರು. ರೇಣುಕಾಗೆ ಬೇಡವೆನ್ನಲೇ ಬೇಕಾಯಿತು, ಯಾಕೆ ಬೇಡ ಎಂದೂ ಹೇಳಬೇಕಾಯಿತು. ಗಾಜಿನ ಬಾಗಿಲಿನ ಆಚೆ ಗೇಟಿನ ಫಕ್ಕೀರಪ್ಪ ನಿಂತಿದ್ದ. ಅವನಿಗೆ ಕ್ಯಾಶ್ ಗೀಶ್ ತಿಳಿಯದಿದ್ದರೂ, ನಿನ್ನೆ ಗೇಟು ಸುಮ್ಮಸುಮ್ಮನೆ ನಿಂತಿತ್ತು ಎಂಬುದು ಚೆನ್ನಾಗಿ ತಿಳಿಯಿತು. ಸೋಮವಾರ ನಾನು ಕೊಡೆ ಮಡಚಿ ಒಳಗೆ ಬರುವಾಗ, "ಬಂದ್ ಮೇಡಂ ಬಂದ್ರಪಾ" ಎಂದ. ಹಮಾಲರು ಗೊಳ್ಳೆಂದರು. ಹೆಸರು ಹಾಗೇ ನಿಂತಿತು. ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲೂ ಒಬ್ಬರು ಇನ್ನೊಬ್ಬರಿಗೆ ನನ್ನನ್ನು ತೋರಿಸಿ ಅದನ್ನೇ ಹೇಳುವುದು ಕೇಳಿಸಿತು. ಮನೆಯಲ್ಲಿ ನಾನು ಹೇಳಲಿಲ್ಲ. ಕೆಲಸ ಹೇಗಿದೆ ಎಂದು ಗಂಡ ಕೇಳಿದರೆ, "ಏನ್ ಮಹಾ, ಎಲ್ಲಾ ನಾ ಓದಿದ್ದ" ಎನ್ನುತ್ತಿದ್ದೆ.

ಆಮೇಲೆ ನಾನು ಓದಲು ಕುಳಿತೆ. ರೇಣುಕಾ ಬಿಡುವಾದಾಗಲೆಲ್ಲ ತೋರಿಸುತ್ತಿದ್ದಳು. ಒಮ್ಮೆ ಓಡುತ್ತಿರುವ ಎಲ್ಲ ಪ್ರೋಗ್ರಾಮುಗಳ, ಅಂದರೆ ಪ್ರೊಸೆಸ್ಸುಗಳ, ಮೆಮೊರಿಯನ್ನು ಕೂಡಿಸಿದೆ. ಮೊತ್ತ ಮಶೀನಿನಲ್ಲಿ ಇದ್ದುದಕ್ಕಿಂತ ಹೆಚ್ಚು ಬಂತು. ನನ್ನ ಲೆಕ್ಕವೇ ತಪ್ಪಿದೆ ಎಂದು ಮತ್ತೆ ಕೂಡಿಸಿದೆ, ಮತ್ತೆ ಅಷ್ಟೇ. ಬಹಳ ಹೊತ್ತು ಹಿಂಜರಿದು ಕೇಳಿದೆ.

"ಒಂದ ಬಾವಿ ನೀರು ನಾಕು ಮನಿಯವರು ಸೇದತಾರ ಅಂತ ತಿಳಕೋರಿ" ಎಂದಳು. "ನಾಕೂ ಮಂದಿ ನಮ್ಮ ಮನಿಗೆ ಒಂದು ಬಾವಿ ಐತಿ ಅಂತ ಬರಸಿದ್ರ ನಾಕು ಬಾವಿ ಆಗತಾವೇನ್ರಿ? ಎಲ್ಲಾರೂ ಕೂಡಿ ಬಳಸೋದು ಒಂದೊಂದರ ಲೆಕ್ಕಕ್ಕೂ ಬಂದಿರತೈತಿ."

ಎಷ್ಟು ಸಲ ಕೇಳಿದರೂ ಅವಳ ದನಿ ಏರುತ್ತಿರಲಿಲ್ಲ. ಅದೇ ನನಗೆ ಚುಚ್ಚುತ್ತಿತ್ತು. ಒಮ್ಮೆಯಾದರೂ ಅವಳು "ಇಷ್ಟೂ ತಿಳಿಯಂಗಿಲ್ಲೇನ್ರಿ" ಎಂದುಬಿಟ್ಟಿದ್ದರೆ ಹಗುರಾಗುತ್ತಿದ್ದೆನೇನೋ.

ಶ್ರಾವಣ ಬಂತು. ಹಬ್ಬಗಳ ಬೇಡಿಕೆಗೆ ಕಾಯಿಗೆ ಧಾರಣೆ ಏರಿತು, ಗೇಟಿನ ಸಾಲು ರಸ್ತೆಯವರೆಗೆ ಬೆಳೆಯಿತು. ಪಾಸು ಬೇಗ ಬರಲೆಂದು ಹೊಸ ಪ್ರಿಂಟರು ಬಂತು. ಅದರ ಪ್ರೋಗ್ರಾಮನ್ನು ಮಾರಿದವರೇ ಬಂದು ಹಾಕಿ ಹೋದರು. ಮುಂದಿನ ಸೋಮವಾರ ಅಭ್ಯಾಸದಂತೆ ಕೊನೆಯ ಅಂಕಿ ನೋಡಿದೆ. ಅವೇಲಬಲ್ ಎಂದೂ ಇಲ್ಲದಷ್ಟು ಕೆಳಗಿತ್ತು. ಮಂಗಳವಾರ ಇನ್ನೂ ಇಳಿದಿತ್ತು. ಹುಡುಕಿದಾಗ ಕಾರಣವೂ ಕಂಡಿತು. ಒಂದೊಂದು ಪಾಸು ಅಚ್ಚಾದಾಗಲೂ ಹುಟ್ಟುವ ಸಣ್ಣ ಪ್ರೊಸೆಸ್ಸು ಕೆಲಸ ಮುಗಿದ ಮೇಲೆ ಹೋಗುತ್ತಿರಲಿಲ್ಲ. ಸಾಲುಸಾಲಾಗಿ ಹಾಗೇ ಕುಳಿತಿದ್ದವು. ಮೆಮೊರಿ ಸಾಲದಾದಾಗ ಬಳಸುವ ಸ್ವಾಪ್ ಎಂಬ ಡಿಸ್ಕಿನ ಜಾಗವೂ ತುಂಬತೊಡಗಿತ್ತು.

ನನಗೆ ತಿಳಿದಿತ್ತು. ತಿಳಿದಿದೆ ಎಂದು ನಂಬಲು ಮಾತ್ರ ಧೈರ್ಯ ಬರಲಿಲ್ಲ. ಬಾವಿಯ ಲೆಕ್ಕದ ಹಾಗೆ ಇದಕ್ಕೂ ಏನೋ ಒಂದು ಇದ್ದೇ ಇರುತ್ತದೆ, ನಾನು ಮತ್ತೆ ಕೂಗೆಬ್ಬಿಸಿ ಮತ್ತೆ ನಗೆಪಾಟಲಾಗುತ್ತೇನೆ ಎನಿಸಿತು. ಬುಧವಾರ ರೇಣುಕಾಳ ಮೇಜಿನವರೆಗೂ ಹೋದೆ.

"ಏನ್ರಿ ಅಕ್ಕಾರ?" ಎಂದು ತಲೆ ಎತ್ತಿದಳು.

ಕಿಟಕಿಯ ಆಚೆ ಫಕ್ಕೀರಪ್ಪ ಯಾರೊಡನೆಯೋ ನಗುತ್ತಿದ್ದ. ನನ್ನ ವಿಷಯಕ್ಕೇ ನಗುತ್ತಿದ್ದನೆಂದೇನೂ ಅಲ್ಲ.

"ಏನಿಲ್ಲ. ಚಾ ಕುಡಿಯೋಣೇನು ಅಂತ ಕೇಳಾಕ ಬಂದೆ" ಎಂದೆ.

ಗುರುವಾರ ಬೆಳಗಿನಿಂದಲೇ ಮಶೀನು ಏದುಸಿರು ಬಿಡುತ್ತಿತ್ತು. ಸಾಲಿನಲ್ಲಿ ಕದರಮಂಡಲಗಿ ಕಡೆಯ ಗಂಗವ್ವ ಎಂಬಾಕೆ ಇದ್ದಳು. ಐವತ್ತರ ಹೆಂಗಸು. ಗಂಡ ಇಲ್ಲ, ಹೊಲ ತಾನೇ ನೋಡಿಕೊಳ್ಳುವವಳು. ಹರಿಹರದ ಆಸ್ಪತ್ರೆಗೆ ಮಗಳನ್ನು ಹೆರಿಗೆಗೆ ಸೇರಿಸಿದ್ದಾರೆ, ಇವತ್ತು ಕಾಯಿ ಮಾರಿ ಸಂಜೆ ಬಸ್ಸಿಗೆ ಹೋಗಿಬಿಡುತ್ತೇನೆ ಎಂದು ಬಂದವರಿಗೆಲ್ಲ ಹೇಳುತ್ತ ನಿಂತಿದ್ದಳು. ತನ್ನ ಬಟ್ಟೆಯ ಗಂಟನ್ನು ಫಕ್ಕೀರಪ್ಪನ ಕೋಣೆಯಲ್ಲಿ ಇಟ್ಟಿದ್ದಳು. ಹಮಾಲರು ಅವಳ ಚೀಲಗಳನ್ನೆಲ್ಲ ತಂಪಿನಿಂದ ತೆಗೆದು ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಇನ್ನು ಪಾಸು ಬರಬೇಕು, ಅಷ್ಟೇ.

ಅವಳ ಪಾಸು ಬರಲಿಲ್ಲ. ಪರದೆ ಅಲ್ಲಿಗೇ ನಿಂತಿತು. ರೇಣುಕಾ ಓಡಿ ಬಂದು ನೋಡಿದರೆ ಚೀಲಗಳ ಲೆಕ್ಕವೆಲ್ಲ ಇಡುವ ಡೇಟಾಬೇಸೇ ಸತ್ತಿತ್ತು. ಮೆಮೊರಿ ಮುಗಿದಿದೆ, ಪ್ರೊಸೆಸ್ಸನ್ನು ಕೊಂದಿದ್ದೇನೆ ಎಂದು ಮಶೀನು ತಾನೇ ಬರೆದಿಟ್ಟಿತ್ತು.

ಸಾವಕಾರರಿಗೆ ತಿಳಿದದ್ದು ಒಂದೇ. ಡೇಟಾಬೇಸು ರೇಣುಕಾ ಹಾಕಿದ್ದು. ಒದ್ದೆಯಾದ ರೈತರು, ಹಮಾಲರು ಬಾಗಿಲಲ್ಲಿ ನೆರೆದಿದ್ದರು. ಅವರೆಲ್ಲರ ಎದುರು ಸಾವಕಾರರು ಕೂಗಾಡಿದರು.

"ನಂಬಿ ನಿಮ್ಮ ಕೈಯಾಗ ಕೊಟ್ಟೇನ್ರೀ ನಾ! ಮಾರ್ಕೆಟ್ ದಿನಾ ಹಿಂಗ ಮಾಡಿ ಕುಂತ್ರ ನಾ ಮಂದಿಗೆ ಏನ ಹೇಳ್ಲಿ?"

ರೇಣುಕಾ ತಲೆ ತಗ್ಗಿಸಿ ಕೀಲಿಮಣೆ ಒತ್ತುತ್ತಲೇ ಇದ್ದಳು. "ಯಾವುದೋ ಒಂದು ಮೆಮೊರಿ ತಿಂದೈತ್ರಿ. ಜಾಗ ಪೂರಾ ತೀರಿದಾಗ ಇದು ತಪ್ಪು ಯಾರದು ಅಂತ ನೋಡಂಗಿಲ್ಲ, ಎಲ್ಲಾರಕಿಂತ ದೊಡ್ಡದು ಯಾವುದೈತೋ ಅದನ್ನ ಕೊಂದ ಬಿಡತೈತಿ" ಎಂದಳು. ಯಾರೂ ಕೇಳುತ್ತಿರಲಿಲ್ಲ.

"ಪ್ರಿಂಟರ್ ಪ್ರೋಗ್ರಾಮಿಂದ್ರಿ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ಸೋಮವಾರದಿಂದ ನಾ ನೋಡಾಕತ್ತಿದ್ದೆ. ಅವು ಒಂದೂ ಹೋಗದ ಹಂಗ ಕುಂತಾವು."

ಎಲ್ಲರೂ ನನ್ನ ಕಡೆ ತಿರುಗಿದರು.

"ಸೋಮವಾರದಿಂದ?" ಎಂದರು ಸಾವಕಾರರು. "ಮತ್ತ ಯಾಕ ಹೇಳಲಿಲ್ಲ?"

"ಮತ್ತ ನಗತೀರಿ ಅಂತ ಹೇಳಲಿಲ್ರಿ."

ಫಕ್ಕೀರಪ್ಪ ಬಾಗಿಲಲ್ಲೇ ಇದ್ದ. ಅವನು ನಗಲಿಲ್ಲ. ಒಬ್ಬರೂ ನಗಲಿಲ್ಲ. ಸಾವಕಾರರು ಹೊರಗೆ ಗಾಡಿಗಳ ಕಡೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಸಾಲಾಗಿ ಕುಳಿತಿದ್ದ ಆ ಪ್ರೊಸೆಸ್ಸುಗಳನ್ನೆಲ್ಲ ರೇಣುಕಾ ತೆಗೆದು ಡೇಟಾಬೇಸನ್ನು ಮತ್ತೆ ಎಬ್ಬಿಸಿದಳು. ಅರ್ಧಕ್ಕೆ ನಿಂತ ನಮೂದುಗಳನ್ನು ಸರಿಪಡಿಸಿಕೊಂಡು ಅದು ಮೇಲೇಳುವಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಟೆಂಡರ್ ಮುಗಿದಿತ್ತು. ಗಾಡಿಗಳು ಒಂದೊಂದಾಗಿ ತಿರುಗಿದವು. ರೇಣುಕಾ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಅಕ್ಕಾರ, ಅವತ್ತು ನಾ ನಕ್ಕಿದ್ದೆನೇನ್ರಿ?"

"ಇಲ್ಲ."

"ಮತ್ತ ನನಗರ ಹೇಳಬೇಕಿತ್ತಲ್ರಿ."

ಅಷ್ಟೇ. ಅವಳಿಗೆ ಹಾಸ್ಟೆಲಿನ ಆ ನಗು ನೆನಪಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ಆ ದಿನ ಅವಳು ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಹೊರಗೆ ಬಂದೆ. ಗಂಗವ್ವ ತನ್ನ ಚೀಲಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದಳು. ಮಳೆಗಾಲದಲ್ಲಿ ತಂಪಿನಿಂದ ಹೊರಬಂದ ಕಾಯಿ ಗಾಳಿಯ ಪಸೆ ಹೀರಿ ಮೆತ್ತಗಾಗುತ್ತದೆ, ಮತ್ತೆ ಒಳಗಿಟ್ಟರೆ ಬೂಸು ಹಿಡಿಯುತ್ತದೆ. ಸೋಮವಾರದವರೆಗೆ ಅದನ್ನು ಕಟ್ಟೆಯ ಮೇಲೇ ಕಾಯಬೇಕು. ಬಿಸಿಲು ಬಿದ್ದಾಗ ಬಾಯಿ ಬಿಚ್ಚಿ ಹರವಬೇಕು, ಹನಿ ಬಿದ್ದಾಗ ಮುಚ್ಚಬೇಕು. ನಾನು ತಾಡಪತ್ರಿಯ ಇನ್ನೊಂದು ತುದಿ ಹಿಡಿದೆ.

"ನಾ ನೋಡಕೋತೇನ್ರಿ ಯವ್ವಾ. ಸೋಮವಾರ ಅಂಗಡಿಗೂ ಮುಟ್ಟಸ್ತೇನಿ. ನೀವು ಮಗಳ ಕಡೆ ಹೋಗ್ರಿ" ಎಂದೆ.

ಅವಳು ನನ್ನನ್ನು ನೋಡಿದಳು. ಒಳಗೆ ನಾನು ಹೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿದವರಲ್ಲಿ ಅವಳೂ ಒಬ್ಬಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ ತಂಗಿ" ಎಂದಳು. "ನನ್ನ ಮಾಲು ನಾನ ಕಾಯ್ತೇನಿ."

ಹಗ್ಗ ಕಟ್ಟುವುದಕ್ಕೂ ಅವಳು ಫಕ್ಕೀರಪ್ಪನನ್ನೇ ಕರೆದಳು.

ಶುಕ್ರವಾರ, ಶನಿವಾರ ನಾನು ಒಳಗೆ ಬರುವಾಗ, ಹೋಗುವಾಗ ಅವಳು ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಆಗಾಗ ಫೋನು ಕಿವಿಗೆ ಹಿಡಿದು ಜೋರಾಗಿ ಮಾತಾಡುತ್ತಿದ್ದಳು. ನಾನು ಹಿಂದಿನ ಬಾಗಿಲಿನಿಂದ ಹೋಗುವುದನ್ನು ರೂಢಿಸಿಕೊಂಡೆ. ಪ್ರಿಂಟರು ಮಾರಿದವರು ಬಂದು ಅದರ ಪ್ರೋಗ್ರಾಮನ್ನು ಸರಿಮಾಡಿ ಹೋದರು. ಸಾವಕಾರರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಶನಿವಾರ ಸಂಜೆ ರೇಣುಕಾ ತಾನಾಗಿ ನನ್ನ ಬಳಿ ಬಂದು, "ಇನ್ನ ಮ್ಯಾಲ ತಪ್ಪಾದ್ರೂ ಚಿಂತಿಲ್ರಿ, ಹೇಳ್ರಿ. ಹತ್ತು ಸಲ ಸುಳ್ಳ ಆಗಲಿ, ಹೇಳ್ರಿ" ಎಂದಳು. ನಾನು ಹೂಂ ಎಂದೆ. ಅದಾದ ಮೇಲೆ ಹೇಳುತ್ತಲೂ ಬಂದೆ. ಬಂದ್ ಮೇಡಂ ಎಂಬ ಹೆಸರನ್ನು ಮಾತ್ರ ಗುರುವಾರದಿಂದ ಯಾರೂ ಎತ್ತಲಿಲ್ಲ. ಅದು ಹೋದದ್ದಕ್ಕೆ ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಸೋಮವಾರ ಮಧ್ಯಾಹ್ನ ಕಾಯಿ ಮಾರಿ ಗಂಗವ್ವ ತನ್ನ ಗಂಟು ಒಯ್ಯಲು ಗೇಟಿಗೆ ಬಂದಳು. ಕೈಯಲ್ಲಿ ಸಕ್ಕರೆಯ ಪೊಟ್ಟಣವಿತ್ತು. ಫಕ್ಕೀರಪ್ಪನಿಗೆ, ಹಮಾಲರಿಗೆ, ಒಳಗೆ ಬಂದು ರೇಣುಕಾಗೆ ಚಿಟಿಕೆ ಚಿಟಿಕೆ ಹಾಕಿದಳು.

"ಹೆಣ್ಣ ಹುಟ್ಟೈತ್ರಿ. ಮೊನ್ನೆ ಶನಿವಾರನ ಆತು. ಬೀಗತಿ ಇದ್ಲು, ಎಲ್ಲಾ ಅಕಿನ ನೋಡಕೊಂಡ್ಲು" ಎನ್ನುತ್ತ ನನ್ನ ಮುಂದೆ ಬಂದು ನಿಂತಳು. ಮಗಳ ಮೊದಲ ಹೆರಿಗೆ. ಗಂಗವ್ವ ಅಲ್ಲಿರಲಿಲ್ಲ.

"ಕೈ ಹಿಡಿ ತಂಗಿ" ಎಂದಳು.

ಹಿಡಿದೆ. ಸಕ್ಕರೆ ಹಾಕಿದಳು. ಆಮೇಲೆ ಸರ್ವರಿದ್ದ ಮೂಲೆಯ ಕಡೆ ನೋಡಿ, ಮನೆಯಲ್ಲಿ ಮಲಗಿದ ರೋಗಿಯನ್ನು ವಿಚಾರಿಸುವ ಹಾಗೆ ಮೆತ್ತಗೆ ಕೇಳಿದಳು.

"ಈಗ ಆರಾಮ ಐತೇನವಾ ನಿನ್ನ ಮಶೀನು?"

"ಆರಾಮ ಐತ್ರಿ" ಎಂದೆ.

ಅವಳು ಗಂಟು ಎತ್ತಿಕೊಂಡು, ಸೆರಗು ತಲೆಗೆ ಹೊದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಾಣಂತಿ ಹೇಗಿದ್ದಾಳೆ, ಕೂಸು ಹೇಗಿದೆ ಎಂದು ನಾನು ಕೇಳಬೇಕಿತ್ತು. ಅವಳು ರಸ್ತೆಯ ತಿರುವು ದಾಟಿ ಹೋಗುವವರೆಗೂ ನನಗದು ಹೊಳೆಯಲಿಲ್ಲ.